ತಿರುವಿನಲ್ಲಿ ಎರಡು ಈಡು

ಪೂವಯ್ಯನ ಗಾಡಿಗೆ ಸೈಲೆನ್ಸರ್ ಇಲ್ಲ ಎನ್ನುವುದು ಮಾದಾಪುರದ ಕಿವುಡರಿಗೂ ಗೊತ್ತಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಗಾಡಿ ಅದು. ಹಸಿರಿನ ಮೇಲೆ ಅವನು ಕಪ್ಪು ಬಣ್ಣ ಬಳಿಸಿದ್ದ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಸಿರು ಮತ್ತೆ ಇಣುಕತೊಡಗಿತ್ತು. ಕೊಡಗಿಗೆ ಅದರದೇ ಸರ್ಕಾರ, ಮಡಿಕೇರಿಯಲ್ಲಿ ಅದರದೇ ಮಂತ್ರಿಗಳು ಇದ್ದ ದಿನಗಳು. ಮದುವೆಗೆ, ಆಸ್ಪತ್ರೆಗೆ, ಕೋರ್ಟಿಗೆ ಹೋಗುವವರಿಗೆ ಆ ಸುತ್ತಿನಲ್ಲಿ ಬಾಡಿಗೆಗೆ ಸಿಗುತ್ತಿದ್ದದ್ದು ಅದೊಂದೇ.

ಸೈಲೆನ್ಸರ್ ಕಳಚಿದ ಪುಣ್ಯಾತ್ಮ ಕುಶಾಲನಗರದ ಮೆಕ್ಯಾನಿಕ್ ಸಿದ್ದರಾಜು. ಮೈಸೂರು ಕಡೆಯಿಂದ ಬಂದು ನೆಲೆಸಿದವನು. ಯುದ್ಧದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ಹಿಡಿದಿದ್ದ, ಆದರೆ ಮಾತಿಗೆ ಕೂತರೆ ಮೇಜರ್. ಇಂಜಿನ್ನೂ ಮನುಷ್ಯನ ಹಾಗೆ ಉಸಿರಾಡುತ್ತದೆ, ಸೈಲೆನ್ಸರ್ ಎಂದರೆ ಅದರ ಮೂಗಿಗೆ ಬಟ್ಟೆ ತುರುಕಿದ ಹಾಗೆ, ಹೊಗೆ ಸಲೀಸಾಗಿ ಹೊರಗೆ ಹೋದರೆ ಬಲ ಬರುತ್ತದೆ, ಬಲ ಬಂದರೆ ಪೆಟ್ರೋಲ್ ಉಳಿಯುತ್ತದೆ ಎಂದು ಅವನು ಬೀಡಿ ಸೇದುತ್ತಾ ವಿವರಿಸಿದ. ಪೂವಯ್ಯನಿಗೆ ಹೌದೆನ್ನಿಸಿತು. ಅರ್ಧ ದಿನದಲ್ಲಿ ಸೈಲೆನ್ಸರ್ ಹೋಗಿ ಅದರ ಜಾಗದಲ್ಲಿ ಎರಡಂಗುಲದ ನೇರ ಕೊಳವೆ ಬಂತು. ಕುಶಾಲನಗರದ ಸಮತಟ್ಟು ರಸ್ತೆಯಲ್ಲಿ ಗಾಡಿ ಗರ್ಜಿಸಿಕೊಂಡು ಓಡಿದಾಗ ಪೂವಯ್ಯನ ಮೈ ಜುಮ್ಮೆಂದಿತು. ಗ್ಯಾಲನ್ನಿಗೆ ಮೂರು ಮೈಲಿ ಹೆಚ್ಚು ಕೊಡುತ್ತದೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದ. ಅಳೆದು ನೋಡಿ ಹೇಳಿದ್ದಲ್ಲ. ಸದ್ದು ದೊಡ್ಡದಾದರೆ ಬಲವೂ ದೊಡ್ಡದಾಗಿದೆ ಎಂದು ನಂಬುವುದು ನಮ್ಮೆಲ್ಲರ ದೌರ್ಬಲ್ಯ, ಗಾಡಿಯ ವಿಷಯದಲ್ಲಿ ಮಾತ್ರವಲ್ಲ.

ಏರು ಸಿಕ್ಕಿದಾಗ ಬಣ್ಣ ಬಯಲಾಯಿತು. ನಿಧಾನವಾಗಿ ಹತ್ತುವ ಕಡೆ ಇಂಜಿನ್ ಏದುಸಿರು ಬಿಡುತ್ತಿತ್ತು, ಮೊದಲು ಎರಡನೇ ಗೇರಿನಲ್ಲಿ ಏರುತ್ತಿದ್ದ ಕಡೆ ಈಗ ಒಂದಕ್ಕೆ ಇಳಿಯಬೇಕು. ಪೂವಯ್ಯ ಈ ಮಾತನ್ನು ಯಾರಿಗೂ ಹೇಳಲಿಲ್ಲ. ಹೆಂಡತಿ ಯಮುನ ಮಾತ್ರ ಒಂದು ದಿನ ಅನ್ನ ಬಡಿಸುತ್ತಾ, ಉಳಿದ ಪೆಟ್ರೋಲನ್ನು ಯಾವ ಗುಡಾಣದಲ್ಲಿ ತುಂಬಿಸಿಟ್ಟಿದ್ದೀರಿ ಎಂದು ಕೇಳಿದ್ದಳು. ಅವನು ಮುಖ ಊದಿಸಿಕೊಂಡು ಉಂಡು ಎದ್ದಿದ್ದ.

ಅಷ್ಟರಲ್ಲಿ ಯಮುನಳ ಅಪ್ಪ ಮೊಣ್ಣಪ್ಪನವರಿಗೆ ಹೊಟ್ಟೆನೋವು ಬಂತು. ಬೆಳಗ್ಗೆ ಕಾಫಿ ಕುಯ್ಲಿಗೆ ಜನ ಬಿಟ್ಟು ಬಂದು ಕೂತವರು ಏಳಲಾಗದೆ ಮುದುಡಿಕೊಂಡರು. ಮಡಿಕೇರಿಗೆ ಕರೆದೊಯ್ಯದೆ ಬೇರೆ ದಾರಿ ಇರಲಿಲ್ಲ. ಅವರನ್ನು ಗಾಡಿಯ ಹಿಂದಿನ ಸೀಟಿನಲ್ಲಿ ಮಲಗಿಸಿದ ಮೇಲೆ ಅತ್ತೆ ದೇವಕ್ಕಿ ಒಳಗೆ ಹೋಗಿ ಗೋಡೆಯಲ್ಲಿದ್ದ ಕೋವಿ ತಂದರು, ಜೊತೆಗೆ ನಾಲ್ಕು ತೋಟೆ. ಎರಡನ್ನೂ ಅಳಿಯನ ಕೈಗೆ ಕೊಟ್ಟರು.

"ಏನಾರ್ ಹೆಚ್ಚುಕಮ್ಮಿ ಆದ್ರೆ ನೀ ಬಂದ್ ಮೋರೆ ತಗ್ಗಿಸಿ ನನ್ನ ಎದ್ರು ನಿಲ್ಲದ್ ಬೇಡ," ಎಂದರು. "ಮೇಲೆನ ತಿರ್ವುಲಿ ನಿಂತ್ ಎರ್ಡ್ ಈಡ್ ಹೊಡ್ದ್ ಬುಡ್. ಗಾಡಿ ಬರುವೊಳಗೆ ನಾ ಗಟ್ಟಿ ಆಗಿರ್ನೆ."

ಕೊಡಗಿನಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಗಂಡು ಹುಟ್ಟಿದರೆ ಕೋವಿಯ ಒಂದು ಈಡು, ಸಾವಾದರೆ ಎರಡು. ಎರಡು ಕೇಳಿದವನು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಕಡೆಗೆ ಹೊರಡಬೇಕು, ಜಗಳವಾಡಿದವನಾದರೂ ಸರಿ. ಆದರೆ ಅತ್ತೆ ಹೀಗೆ ಹೇಳಲು ಬೇರೆ ಕಾರಣವಿತ್ತು. ಅವರ ಒಬ್ಬನೇ ಮಗ ಯುದ್ಧದಲ್ಲಿ ಹೋದ ಸುದ್ದಿಯನ್ನು ಅಂಚೆಯವನು ಅಂಗಳದಲ್ಲಿ ತಲೆ ತಗ್ಗಿಸಿ ನಿಂತು ತಿಳಿಸಿದ್ದ. ಅವನ ಮುಖ ನೋಡಿದ್ದೇ ಬಿದ್ದವರು ಮೂರು ದಿನ ಎದ್ದಿರಲಿಲ್ಲ. ಎದೆ ಸೋತಿದೆ, ಇನ್ನೊಂದು ಇಂಥ ಪೆಟ್ಟು ಬಿದ್ದರೆ ತಡೆಯುವುದಿಲ್ಲ ಎಂದು ಸೋಮವಾರಪೇಟೆಯ ಡಾಕ್ಟರು ಆಗಲೇ ಹೇಳಿದ್ದರು. ಹೆತ್ತ ತಾಯಿಯ ಮುಖವೇ ನೆನಪಿಲ್ಲದ ಪೂವಯ್ಯನಿಗೆ ಎಂಟು ವರ್ಷದಿಂದ ಹೊಟ್ಟೆ ನೋಡಿ ಬಡಿಸಿದವರು ಈ ಅತ್ತೆ. ಅವನು ಕೋವಿಯನ್ನು ಸೀಟಿನ ಕೆಳಗೆ ತಳ್ಳಿ, ಹಾಗೇ ಆಗಲಿ ಎಂದು ತಲೆಯಾಡಿಸಿದ.

ಮಡಿಕೇರಿಯ ಏರಿನಲ್ಲಿ ಅವನಿಗೆ ಬೆವರು ಕಿತ್ತು ಬಂತು. ಪ್ರತಿ ತಿರುವಿನಲ್ಲೂ ಗಾಡಿ ಉಸಿರು ಕಟ್ಟಿ ನಿಲ್ಲುವ ಹಾಗೆ ಮಾಡುತ್ತಿತ್ತು, ಹಿಂದಿನ ಸೀಟಿನಲ್ಲಿ ಮಾವ ನರಳುತ್ತಿದ್ದರು. ಹೇಗೋ ತಲುಪಿದರು. ಕರುಳು ಗಂಟು ಬಿದ್ದಿದೆ ಎಂದು ಡಾಕ್ಟರು ಅಂದೇ ಹೊಟ್ಟೆ ಕೊಯ್ದರು. ಯಮುನ ಅಪ್ಪನ ಮಂಚದ ಬಳಿ ಉಳಿದಳು, ಪೂವಯ್ಯ ಗಾಡಿಯಲ್ಲೇ ಮಲಗಿದ. ಐದನೇ ದಿನ ಜ್ವರ ಏರಿತು. ಏನೂ ಹೇಳಲಾಗದು ಎಂದು ಡಾಕ್ಟರು ಅಂದದ್ದನ್ನು ಪೂವಯ್ಯ ಊರಿಗೆ ಹೋಗಿ ಅತ್ತೆಗೆ ತಿಳಿಸಿದ. ಅವರು ಮನೆಯ ಮುಂದಿನ ಕೈಸಾಲೆಯ ಕಂಬಕ್ಕೆ ಒರಗಿ ಕೇಳಿಸಿಕೊಂಡರು.

ಆರನೇ ದಿನ ಜ್ವರ ಇಳಿಯಿತು. ಏಳನೇ ದಿನ ಮೊಣ್ಣಪ್ಪನವರು ಎದ್ದು ಕೂತು, ಕುಯ್ಲು ಎಲ್ಲಿಗೆ ಬಂತು ಎಂದು ಕೇಳಿದರು. ಆ ದಿನವೇ ಪೂವಯ್ಯ ಊರಿಗೆ ಓಡಿ ಅತ್ತೆಗೆ ಸುದ್ದಿ ಮುಟ್ಟಿಸಬೇಕಾಗಿತ್ತು. ಮುಟ್ಟಿಸಲಿಲ್ಲ. ಬಂದ ದಿನದ ಆ ಏರು ಅವನ ತಲೆಯಲ್ಲಿ ಕೂತಿತ್ತು, ಮಾವನನ್ನು ಇಂಥ ಗಾಡಿಯಲ್ಲಿ ಮನೆಗೆ ಕರೆದೊಯ್ಯುವುದು ಹೇಗೆ ಎಂಬ ಭಯ. ಅವನು ಕುಶಾಲನಗರಕ್ಕೆ ಹೋದ. ಸಿದ್ದರಾಜು ತಲೆ ಕೆರೆದುಕೊಂಡು, ಹೊಗೆ ಹೋಗುವ ದಾರಿ ದೊಡ್ಡದಾಯಿತು, ಗಾಳಿ ಜಾಸ್ತಿ ಎಳೆಯುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಎಂದ. ಕಾರ್ಬುರೇಟರಿನೊಳಗೆ ಪೆಟ್ರೋಲ್ ಬರುವ ತೂತನ್ನು ದೊಡ್ಡದು ಮಾಡಿದ. ಪೆಟ್ರೋಲ್ ಉಳಿಸುವುದಕ್ಕೆ ಹಾಕಿದ ಕೊಳವೆಗೆ ಈಗ ಹೆಚ್ಚು ಪೆಟ್ರೋಲ್ ಕುಡಿಸಬೇಕಾಗಿ ಬಂದದ್ದನ್ನು ಪೂವಯ್ಯ ಗಮನಿಸದೆ ಇರಲಿಲ್ಲ. ಗಾಡಿ ಏರು ಹತ್ತಿತಲ್ಲ, ಅಷ್ಟೇ ಸಾಕೆಂದು ಸುಮ್ಮನಾದ. ಇನ್ನೆರಡು ದಿನದಲ್ಲಿ ಮಾವನನ್ನೇ ಅತ್ತೆಯ ಎದುರು ತಂದು ನಿಲ್ಲಿಸಿದರೆ ಅದಕ್ಕಿಂತ ದೊಡ್ಡ ಸುದ್ದಿ ಯಾಕೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಹತ್ತನೇ ದಿನ ಮಧ್ಯಾಹ್ನ ಡಾಕ್ಟರು ಮನೆಗೆ ಹೋಗಬಹುದು ಎಂದರು. ಹದಿನೈದು ದಿನ ನಡೆಯಬಾರದು, ಭಾರ ಎತ್ತಬಾರದು, ಹೊಲಿಗೆ ಬಿಟ್ಟರೆ ತಾವು ಜವಾಬ್ದಾರರಲ್ಲ. ಪೂವಯ್ಯ ಪೆಟ್ರೋಲ್ ಹಾಕಿಸಲು ಹೋದರೆ ಬಂಕಿನಲ್ಲಿ ಪೆಟ್ರೋಲ್ ಇರಲಿಲ್ಲ, ಲಾರಿ ನಾಳೆ ಬರುತ್ತದಂತೆ. ಟ್ಯಾಂಕಿಗೆ ಬಿದಿರಿನ ಕೋಲು ಇಳಿಸಿ ನೋಡಿದ. ಒಂದು ಗ್ಯಾಲನ್ನಿಗೆ ಮೇಲೆ ಸ್ವಲ್ಪ ಇತ್ತು. ಮನೆಗೆ ಹದಿನಾರು ಮೈಲಿ. ಹಳೆಯ ಸೈಲೆನ್ಸರಿನ ಕಾಲದಲ್ಲಿ ಅಷ್ಟರಲ್ಲಿ ಹೋಗಿ ಇನ್ನೂ ಮೂರು ಮೈಲಿ ಓಡಬಹುದಿತ್ತು. ಈಗಿನದು ಅವನಿಗೇ ಗೊತ್ತಿರಲಿಲ್ಲ. ನಾಳೆ ಹೋಗೋಣವೇ ಎಂದು ಯಮುನಳನ್ನು ಕೇಳಲು ಬಾಯಿ ತೆರೆದ. ಕೇಳಿದರೆ ಗ್ಯಾಲನ್ನಿಗೆ ಮೂರು ಮೈಲಿ ಹೆಚ್ಚಿನ ಕಥೆ ಎತ್ತುತ್ತಾಳೆ. ಬಾಯಿ ಮುಚ್ಚಿಕೊಂಡು ಗಾಡಿ ಹೊರಡಿಸಿದ.

ಮಡಿಕೇರಿಯಿಂದ ಮಾದಾಪುರಕ್ಕೆ ಹೆಚ್ಚಾಗಿ ಇಳಿಜಾರು. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸುವ ಉಪಾಯ ಎಲ್ಲ ಡ್ರೈವರುಗಳಿಗೂ ಗೊತ್ತು, ಕೀಲಿ ತಿರುಗಿಸಿ ಇಂಜಿನ್ ಆರಿಸಿ ಗಾಡಿಯನ್ನು ಅದರ ಪಾಡಿಗೆ ಇಳಿಯಲು ಬಿಡುವುದು. ಬ್ರೇಕಿನ ಮೇಲೆ ಭರವಸೆ ಇಲ್ಲದ್ದರಿಂದ ಪೂವಯ್ಯ ಗೇರಿನಲ್ಲೇ ಇಳಿಸುತ್ತಿದ್ದ. ಹಾಗೆ ಇಳಿಯುವಾಗ ಇಂಜಿನ್ ಉರಿಯದಿದ್ದರೂ ತಿರುಗುತ್ತಲೇ ಇರುತ್ತದೆ, ಪೆಟ್ರೋಲ್ ಎಳೆಯುತ್ತಲೇ ಇರುತ್ತದೆ, ಎಳೆದದ್ದೆಲ್ಲ ಉರಿಯದೆ ಹೋಗಿ ಕಾದ ಕೊಳವೆಯಲ್ಲಿ ತುಂಬಿಕೊಳ್ಳುತ್ತದೆ. ಇದನ್ನು ಸಿದ್ದರಾಜು ಹೇಳಿರಲಿಲ್ಲ. ಮೊದಮೊದಲ ಇಳಿಜಾರುಗಳು ಚಿಕ್ಕವು, ಇಂಜಿನ್ ಹೊತ್ತಿಸಲು ಮತ್ತೆ ಕೀಲಿ ಹಾಕಿದಾಗ ಗಾಡಿ ಒಮ್ಮೆ ತೇಗಿ ಸುಮ್ಮನಾಗುತ್ತಿತ್ತು. ಪೂವಯ್ಯನ ಗಮನವೆಲ್ಲ ಟ್ಯಾಂಕಿನ ಮೇಲೆ. ಹಟ್ಟಿಹೊಳೆ ದಾಟಿತು, ಮಾದಾಪುರ ದಾಟಿತು, ಊರಿನ ಮಣ್ಣುರಸ್ತೆಗೆ ತಿರುಗಿದರು. ಮೊಣ್ಣಪ್ಪನವರು ಮಗಳ ತೋಳಿಗೆ ಒರಗಿ ಎರಡೂ ಬದಿಯ ತೋಟಗಳನ್ನು ನೋಡುತ್ತಾ, ಯಾರ ಗಿಡ ಹೇಗಿದೆ ಎಂದು ಹೇಳುತ್ತಾ ಬಂದರು.

ಊರಿನ ಮೇಲಿನ ಗುಡ್ಡದಿಂದ ರಸ್ತೆ ಕಡಿದಾಗಿ ಇಳಿಯುತ್ತದೆ. ಅಲ್ಲಿ ಎರಡು ತಿರುವು, ಒಂದರ ಕೆಳಗೆ ಒಂದು. ಎದುರಿಗೆ ಕಣಿವೆ, ಕಣಿವೆಯಾಚೆ ಮಾವನ ಮನೆಯ ಹೆಂಚು. ರಸ್ತೆಯಲ್ಲಿ ಹೋದರೆ ಎರಡು ಮೈಲಿ, ಸದ್ದಿಗೆ ಮಾತ್ರ ಕೂಗಳತೆ. ಪೂವಯ್ಯ ಗುಡ್ಡದ ನೆತ್ತಿಯಲ್ಲೇ ಕೀಲಿ ತಿರುಗಿಸಿದ್ದ. ಉದ್ದಕ್ಕೆ ಇಳಿದು ಮೇಲಿನ ತಿರುವಿಗೆ ಬಂದಾಗ ಮತ್ತೆ ಹಾಕಿದ.

ಗಾಡಿಯ ಕೆಳಗಿನಿಂದ ಢಂ ಎಂದಿತು.

ಯಮುನ ಅಪ್ಪನನ್ನು ತಬ್ಬಿ ಹಿಡಿದಳು. ಟೈರು ಸಿಡಿಯಿತೆಂದುಕೊಂಡ ಪೂವಯ್ಯ ಹೊರಗೆ ಬಾಗಿ ನೋಡಿದ. ಟೈರು ನೆಟ್ಟಗಿತ್ತು. ಕೊಳವೆ ತೇಗಿದ್ದು ಎಂದು ಗೊತ್ತಾಗಿ ಸಮಾಧಾನವಾಯಿತು, ಕೈ ತನ್ನಷ್ಟಕ್ಕೆ ಹೋಗಿ ಮತ್ತೆ ಕೀಲಿ ಆರಿಸಿತು. ಇನ್ನುಳಿದದ್ದು ಎಷ್ಟು ಪೆಟ್ರೋಲೋ ಎಂಬ ಒಂದೇ ಚಿಂತೆಯಲ್ಲಿ ಮನುಷ್ಯನಿಗೆ ಉಳಿದ ಬುದ್ಧಿ ಇರುವುದಿಲ್ಲ. ಕೆಳಗಿನ ತಿರುವು ಬಂತು. ಕೀಲಿ ಹಾಕಿದ. ಮತ್ತೊಮ್ಮೆ ಢಂ ಎಂದಿತು, ಮೊದಲಿನದಕ್ಕಿಂತ ಜೋರಾಗಿ. ಎದುರು ಗುಡ್ಡಕ್ಕೆ ಬಡಿದು ಹಿಂದಕ್ಕೆ ಬಂತು.

ತೋಟದಲ್ಲಿ ಕುಯ್ಲಿನ ಹೆಂಗಸರ ಮಾತು ಕೇಳುತ್ತಿದ್ದದ್ದು ನಿಂತಿತು.

"ಪೂವಯ್ಯ," ಎಂದರು ಹಿಂದಿನಿಂದ ಮೊಣ್ಣಪ್ಪನವರು, ಮೆಲ್ಲಗೆ. "ಎರಡಾತ್."

ಪೂವಯ್ಯನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅತ್ತೆಯ ಮಾತು ನೆನಪಾಯಿತು. ಹೇಳಿದ ಜಾಗದಲ್ಲೇ, ಹೇಳಿದಷ್ಟೇ. ಆ ಮನೆಯ ಕೈಸಾಲೆಯಲ್ಲಿ ಹತ್ತು ದಿನದಿಂದ ಈ ತಿರುವಿಗೆ ಕಿವಿಕೊಟ್ಟು ಕೂತವರಿಗೆ ಅವನು ತನ್ನ ಕೈಯಿಂದಲೇ ಸುದ್ದಿ ಕಳಿಸಿದ್ದ. ಅವನು ಏನಾದರೂ ಯೋಚಿಸುವ ಮೊದಲೇ ಕಣಿವೆಯ ಆಚೆಯಿಂದ ಎರಡು ಈಡು ಕೇಳಿತು, ನಿಜವಾದ ಕೋವಿಯದು. ಪಕ್ಕದ ತೋಟದ ಉತ್ತಯ್ಯನವರು, ತಮ್ಮ ಆಚೆಯ ಮನೆಗಳಿಗೂ ತಿಳಿಯಲೆಂದು ಹೊಡೆದದ್ದು. ಸುದ್ದಿ ಪೂವಯ್ಯನ ಕೈ ದಾಟಿ ಹೋಗಿತ್ತು.

ಅವನು ಪೆಟ್ರೋಲಿನ ಲೆಕ್ಕ ಬಿಟ್ಟು ಗಾಡಿಯನ್ನು ತುಳಿದ. ಅರ್ಧ ಮೈಲಿ ಹೋಗಿರಬಹುದು. ಇಂಜಿನ್ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ನಿಂತಿತು. ಟ್ಯಾಂಕಿಗೆ ಕೋಲು ಇಳಿಸಿದರೆ ತುದಿಯೂ ಒದ್ದೆಯಾಗಲಿಲ್ಲ. ಹಾರನ್ ಒತ್ತಿದ. ಅದರ ದನಿ ಮುಂದಿನ ತಿರುವಿಗೇ ಸೋತಿತು.

ಯಮುನ ಸೀಟಿನ ಕೆಳಗಿನಿಂದ ಕೋವಿ ಎಳೆದಳು. ಇನ್ನೊಂದು ಹೊಡೆಯಿರಿ, ಮೂರಾದರೆ ಏನೋ ತಪ್ಪಾಗಿದೆಯೆಂದು ಅವರಿಗೆ ತಿಳಿಯುತ್ತದೆ ಎಂದಳು. ಪೂವಯ್ಯ ತೋಟೆ ತುರುಕಿದ, ಕೋವಿ ಎತ್ತಿದ, ಹಾಗೇ ನಿಂತ. ಮೂರಕ್ಕೆ ಅರ್ಥ ಏನು? ಒಂದು ಎಂದರೆ ಗಂಡು ಹುಟ್ಟಿತು, ಎರಡು ಎಂದರೆ ಸತ್ತರು. ಮೂರು ಕೇಳಿದರೆ ಗಾಡಿ ಬಿದ್ದು ಇನ್ನೊಬ್ಬರೂ ಹೋದರು ಎಂದುಕೊಂಡಾರು, ಮಗಳೂ ಹೋದಳು ಎಂದುಕೊಂಡಾರು. ಅಷ್ಟು ತಲೆಮಾರಿನ ಹಿರಿಯರು ಎಲ್ಲಕ್ಕೂ ಲೆಕ್ಕ ಇಟ್ಟಿದ್ದಾರೆ, ಸತ್ತಿಲ್ಲ ಎಂದು ಹೇಳುವುದಕ್ಕೆ ಮಾತ್ರ ಇಟ್ಟಿಲ್ಲ. ಅವನು ಕೋವಿ ಕೆಳಗಿಳಿಸಿದ.

ಮೊಣ್ಣಪ್ಪನವರು ಬಾಗಿಲು ಹಿಡಿದು ಇಳಿಯಲು ನೋಡಿದರು. ಹೊಲಿಗೆ ಬಿಟ್ಟರೆ ಎರಡು ಈಡು ನಿಜವಾಗುತ್ತದೆ ಎಂದು ಯಮುನ ಗದರಿಸಿ ಕೂರಿಸಿದಳು. ಆಗ ಅವರು ಅಳಿಯನ ಕಡೆಗೆ ನೋಡಿದರು. ಹೊಟ್ಟೆ ಕೊಯ್ದಾಗಲೂ ಹೆದರದ ಮನುಷ್ಯನ ಕಣ್ಣಿನಲ್ಲಿ ನೀರಿತ್ತು.

"ಓಡ್," ಎಂದರು. "ಅವಳ ಎದೆ ಗಟ್ಟಿ ಇಲ್ಲೆ."

ಪೂವಯ್ಯ ರಸ್ತೆ ಬಿಟ್ಟು ಉತ್ತಯ್ಯನವರ ತೋಟಕ್ಕೆ ಇಳಿದ. ಹಾಗೆ ಹೋದರೆ ಅರ್ಧ ದಾರಿ ಉಳಿಯುತ್ತದೆ. ಕಾಫಿ ಗಿಡದ ಕೊಂಬೆಗಳು ಮುಖಕ್ಕೆ ಬಡಿದವು, ಒಂದು ಚಪ್ಪಲಿ ಎಲ್ಲೋ ಉಳಿಯಿತು. ಗಿಡದ ಬುಡಗಳಲ್ಲಿ ಅರ್ಧ ತುಂಬಿದ ಬುಟ್ಟಿಗಳನ್ನು ಬಿಟ್ಟು ಜನ ಹೋಗಿದ್ದರು. ಮೂವತ್ತೈದು ದಾಟಿದ, ಸದಾ ಸೀಟಿನ ಮೇಲೆ ಕೂತು ದುಡಿಯುವ ದೇಹ, ಎರಡು ಫರ್ಲಾಂಗಿಗೇ ಪಕ್ಕೆ ಹಿಡಿಯಿತು. ಏಳನೇ ದಿನ ಯಾಕೆ ಊರಿಗೆ ಬರಲಿಲ್ಲ ಎಂಬ ಪ್ರಶ್ನೆಯನ್ನು ಅವನು ಓಡುತ್ತಾ ಓಡುತ್ತಾ ತನಗೇ ಕೇಳಿಕೊಂಡ. ಅಂದು ಬಂದು, ಜ್ವರ ಬಿಟ್ಟಿದೆ ಅತ್ತೆ ಎಂದಿದ್ದರೆ ಇವತ್ತು ಹತ್ತು ಈಡು ಕೇಳಿದರೂ ಅವರು ಹೆದರುತ್ತಿರಲಿಲ್ಲ. ಒಂದು ತೂತು ದೊಡ್ಡದು ಮಾಡಿಸಲು ಹೋದೆನಲ್ಲ ಎಂದು ತನ್ನ ಮೇಲೆ ತನಗೇ ಅಸಹ್ಯ ಬಂತು.

ತಗ್ಗಿನಲ್ಲಿ ಹರಿಯುವ ತೋಡಿನ ಹತ್ತಿರ ಮಾರ ಎದುರಾದ, ಮೊಣ್ಣಪ್ಪನವರ ತೋಟದಲ್ಲೇ ಹುಟ್ಟಿ ಬೆಳೆದ ಆಳು. ಅವನ ಜೊತೆ ನಾಲ್ಕು ಜನ, ಹೆಗಲ ಮೇಲೆ ಎರಡು ಉದ್ದ ಬಿದಿರು. ಪೂವಯ್ಯನನ್ನು ಕಂಡದ್ದೇ ಮಾರ ಬಿದಿರು ಕೆಳಗೆ ಹಾಕಿ ಅವನ ಎರಡೂ ಕೈ ಹಿಡಿದುಕೊಂಡು ಅತ್ತ. ಪೂವಯ್ಯ ಉಸಿರು ಎಳೆದುಕೊಂಡು, ಮಾವ ಸತ್ತಿಲ್ಲ ಮಾರ, ಬದುಕಿದ್ದಾರೆ ಎಂದ.

"ಹೌದಣ್ಣ," ಎಂದ ಮಾರ ಮೂಗು ಒರೆಸಿಕೊಂಡು. "ಅಂಥವರಿಗೆ ಸಾವು ಉಂಟಾ."

ಪೂವಯ್ಯ ಅವನ ಭುಜ ಹಿಡಿದು ಅಲ್ಲಾಡಿಸಿದ. ನಾಲ್ವರೂ ಅವನನ್ನು ಕರುಣೆಯಿಂದ ನೋಡಿದರು, ದುಃಖ ತಲೆಗೆ ಏರಿದವನನ್ನು ನೋಡುವ ಹಾಗೆ. ಹೇಳುವುದಕ್ಕೆ ಸಮಯವಿರಲಿಲ್ಲ, ಉಸಿರೂ ಇರಲಿಲ್ಲ. ಮೇಲೆ ರಸ್ತೆಯಲ್ಲಿ ಗಾಡಿ ನಿಂತಿದೆ, ಹೋಗಿ ಹೊತ್ತು ತನ್ನಿ, ಮೆಲ್ಲಗೆ ತನ್ನಿ ಎಂದ. ಹೆಣ ತರಲು ಹೊರಟವರಾದರೂ ಸರಿ, ಹೋದರೆ ಸಾಕು. ಅವರು ಬಿದಿರು ಎತ್ತಿಕೊಂಡು ಏರು ಹತ್ತಿದರು, ಅವನು ತೋಡು ದಾಟಿದ.

ಗದ್ದೆ ಬಯಲಿಗೆ ಬಂದಾಗ ಮನೆ ಕಾಣಿಸಿತು. ಅಂಗಳದ ತುಂಬ ಜನ. ಆಚೆ ಬೇಲಿಯ ಹತ್ತಿರ ಮಾವಿನ ಮರಕ್ಕೆ ಕೊಡಲಿ ಬೀಳುವ ಸದ್ದು ಗದ್ದೆ ದಾಟಿ ಬರುತ್ತಿತ್ತು. ಸಾವಾದ ಮನೆಯಲ್ಲಿ ಮೊದಲು ಆಗುವ ಕೆಲಸ ಅದು, ಚಿತೆಗೆ ಮಾವು. ಎರಡನೆಯ ಕೆಲಸ ಒಲೆ ಆರಿಸುವುದು, ಹೆಣ ಎತ್ತುವವರೆಗೆ ಆ ಮನೆಯಲ್ಲಿ ಬೆಂಕಿ ಹಾಕುವ ಹಾಗಿಲ್ಲ. ಪೂವಯ್ಯ ಅಡುಗೆಮನೆಯ ಹೆಂಚಿನ ಕಡೆಗೆ ನೋಡಿದ. ಅಲ್ಲಿ ಹೊಗೆ ಇತ್ತು. ತೆಳ್ಳಗೆ, ಆದರೆ ಇತ್ತು. ಅದು ಯಾಕೆ ಇದೆ ಎಂದು ಅವನಿಗೆ ಅರ್ಥವಾಗಲಿಲ್ಲ. ಅತ್ತೆ ಬಿದ್ದಿದ್ದಾರೆ, ಎಲ್ಲರೂ ಅವರ ಸುತ್ತ ಸೇರಿದ್ದಾರೆ, ಒಲೆಯ ನೆನಪು ಯಾರಿಗೂ ಇಲ್ಲ. ಹಾಗೇ ಇರಬೇಕು. ಗದ್ದೆಯ ಬದುವಿನ ಮೇಲೆ ಅವನು ಎರಡು ಸಲ ಬಿದ್ದು ಎದ್ದ.

ಅಂಗಳದಲ್ಲಿ ಮಾವನ ತಮ್ಮ ಸಾಂತಪ್ಪ ಕೆಲಸ ಹಂಚುತ್ತಿದ್ದರು, ಯಾರು ಯಾವ ನೆಂಟರ ಮನೆಗೆ ಹೋಗಬೇಕು ಎಂದು. ಪೂವಯ್ಯನನ್ನು ಕಂಡು ಎಲ್ಲರೂ ದಾರಿ ಬಿಟ್ಟರು. ಅವನು ಕೈ ಬೀಸಿದ, ಮರದ ಕಡೆಗೆ ತೋರಿಸಿದ, ಬಾಯಿ ತೆರೆದ. ಗಂಟಲಿನಿಂದ ಗಾಳಿ ಬಿಟ್ಟು ಏನೂ ಬರಲಿಲ್ಲ. ಸಾಂತಪ್ಪ ಅವನ ಬೆನ್ನು ಸವರಿ, ಒಳಗೆ ಹೋಗು, ಅತ್ತಿಗೆಗೆ ಬುದ್ಧಿ ಕೆಟ್ಟ ಹಾಗಿದೆ, ನೀನು ಹೇಳಿದರೆ ಕೇಳಿಯಾರು ಎಂದರು.

ಅಂದರೆ ಜೀವ ಇದೆ. ಪೂವಯ್ಯ ಕೈಸಾಲೆ ಹತ್ತಿ, ಅಳುವ ಹೆಂಗಸರನ್ನು ದಾಟಿ ಅಡುಗೆಮನೆಗೆ ಹೋದ.

ಸಾಂತಪ್ಪನವರ ಹೆಂಡತಿ ಮತ್ತು ಇನ್ನೊಬ್ಬರು ನೀರಿನ ಚೊಂಬು ಹಿಡಿದು ಏನು ಮಾಡುವುದೆಂದು ತಿಳಿಯದೆ ನಿಂತಿದ್ದರು. ಒಲೆಯ ಎದುರಿಗೆ ಅತ್ತೆ ಎರಡೂ ಕೈ ಅಗಲಿಸಿ ಕುಕ್ಕರುಗಾಲಿನಲ್ಲಿ ಕೂತಿದ್ದರು, ಕೋಳಿ ಮರಿಗಳನ್ನು ಕಾಯುವ ಹಾಗೆ. ತಲೆಗೂದಲು ಬಿ‌ಚ್ಚಿಹೋಗಿತ್ತು, ಸೆರಗಿಗೆ ನೀರು ಬಿದ್ದಿತ್ತು. ಒಲೆಯ ಮೇಲೆ ಗಂಜಿ. ಬೆಂಕಿ ಒಂದು ಕಡೆ ನೀರು ತಾಗಿ ಕಪ್ಪಾಗಿತ್ತು, ಇನ್ನೊಂದು ಕಡೆ ಎರಡು ಕೆಂಡ ಉಳಿದಿದ್ದವು.

ಅಳಿಯನನ್ನು ಕಂಡು ಅವರು ಏಳಲಿಲ್ಲ.

"ಒಂದ್ ಮೇಲೆನ ತಿರ್ವುಲಿ, ಇನ್ನೊಂದ್ ಕೆಳಗೆನ ತಿರ್ವುಲಿ," ಎಂದರು. ದನಿ ಒಣಗಿತ್ತು. "ಸಾವುನ ಈಡ್ ಹೊಡಿಯವು ಒಂದ್ ಕಡೆ ನಿಂತ್ ಹೊಡಿಯವು. ಓಡಿಕಂಡ್ ಯಾರ್ ಹೊಡ್ದವೆ? ನಾ ಇವ್ಕೆ ಹೇಳ್ದೆ. ಯಾರೂ ಕೇಳ್ತಿಲ್ಲೆ."

ಪೂವಯ್ಯ ಬಾಗಿಲ ದಾರಂದ ಹಿಡಿದುಕೊಂಡ. ಹೇಳಬೇಕಾದದ್ದು ಎರಡೇ ಮಾತು. ಎದೆ ಏರಿ ಇಳಿಯುತ್ತಿತ್ತು, ಬಾಯಿ ತೆರೆದಿತ್ತು, ಮಾತು ಹೊರಡಲಿಲ್ಲ. ಅತ್ತೆ ಬದುಕಿದ್ದಾರೆ, ಕೂತಿದ್ದಾರೆ, ಊರೆಲ್ಲ ಒಂದಾದರೂ ಒಪ್ಪದೆ ಕೂತಿದ್ದಾರೆ ಎಂಬುದೇ ಅವನಿಗೆ ತಡೆಯಲಾಗಲಿಲ್ಲ. ಕಣ್ಣಿನಿಂದ ನೀರು ಸುರಿಯಿತು. ಮುಖ ಮುಚ್ಚಿಕೊಳ್ಳಲು ತಲೆ ತಗ್ಗಿಸಿದ.

ಅಂಚೆಯವನು ನಿಂತದ್ದೂ ಹೀಗೆಯೇ.

ಅತ್ತೆ ಅವನನ್ನು ನೋಡಿದರು. ಅಗಲಿಸಿದ್ದ ಕೈಗಳು ನಿಧಾನವಾಗಿ ಕೆಳಗೆ ಬಂದವು. ಅಷ್ಟು ಹೊತ್ತು ಹಿಡಿದಿಟ್ಟುಕೊಂಡದ್ದನ್ನೆಲ್ಲ ಅವರು ಬಿಟ್ಟುಬಿಡುವುದು ಪೂವಯ್ಯನಿಗೆ ಕಾಣಿಸಿತು, ಮುಖದಲ್ಲಿ ರಕ್ತವಿರಲಿಲ್ಲ. ಅವರು ಪಕ್ಕದಲ್ಲಿ ನಿಂತವಳ ಕಡೆಗೆ ಕೈ ಚಾಚಿದರು. ಅವಳು ಚೊಂಬು ಕೊಟ್ಟಳು. ಅತ್ತೆ ಅದನ್ನು ಒಲೆಯ ಮೇಲೆ ಬಗ್ಗಿಸಿದರು.

ಪೂವಯ್ಯ ಎರಡು ಹೆಜ್ಜೆಗೆ ಅಲ್ಲಿದ್ದ. ಚೊಂಬನ್ನು ಕೈಯಲ್ಲಿ ತಡೆದ, ನೀರು ಅವನ ಮೊಣಕಾಲಿನ ಮೇಲೆ ಚೆಲ್ಲಿತು.

"ಉಟ್ಟು," ಎಂದ. ಮತ್ತೆ ಉಸಿರು ಎಳೆದುಕೊಂಡ. "ಅತ್ತೆ, ಮಾವಂಗೆ ಜೀವ ಉಟ್ಟು, ಸತ್ತಿಲ್ಲೆ. ಹೊತ್ಕಂಡ್ ಬರ್ತೊಳೊ. ಸದ್ದ್ ನನ್ನ ಗಾಡಿದ್."

ಹಿಂದೆ ನಿಂತ ಹೆಂಗಸರಲ್ಲಿ ಯಾರೋ ಅಳುವುದನ್ನು ನಿಲ್ಲಿಸಿ ಹೊರಗೆ ಓಡಿದರು. ಸ್ವಲ್ಪ ಹೊತ್ತಿನಲ್ಲಿ ಅಂಗಳದಲ್ಲಿ ಗದ್ದಲವೆದ್ದಿತು, ಆಮೇಲೆ ಕೊಡಲಿಯ ಸದ್ದು ನಿಂತಿತು. ಅತ್ತೆ ಅದು ಯಾವುದನ್ನೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅಳಿಯನ ಮುಖವನ್ನೇ ನೋಡುತ್ತಿದ್ದರು, ಅವನು ಹೇಳಿದ್ದು ಅಲ್ಲಿ ಬರೆದಿದೆಯೋ ಎಂಬಂತೆ. ಅವನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಎರಡರಲ್ಲಿ ಒಂದನ್ನಾದರೂ ಮಾಡಬಾರದೇ ಎಂದು ಅವನಿಗೆ ಅನ್ನಿಸಿತು. ಅತ್ತೆ ಕೇಳಿದ್ದು ಒಂದೇ, ಅವರು ಗಂಜಿ ಉಂಡಾರೇ ಎಂದು. ಉಣ್ಣಬಹುದು, ತೆಳ್ಳಗೆ ಮಾಡಿ ಎಂದಿದ್ದಾರೆ ಡಾಕ್ಟರು ಎಂದ ಪೂವಯ್ಯ.

ಅತ್ತೆ ಒಲೆಯ ಕಡೆಗೆ ತಿರುಗಿದರು. ಒಂದು ಒಣ ಸೌದೆ ತೆಗೆದು ಉಳಿದ ಕೆಂಡಕ್ಕೆ ತಾಗಿಸಿ, ಊದುಗೊಳವೆ ಎತ್ತಿ ಬಾಯಿಗೆ ಇಟ್ಟುಕೊಂಡರು. ಊದಲು ಆಗಲಿಲ್ಲ. ತುಟಿ ಅದುರುತ್ತಿತ್ತು, ಕೊಳವೆ ಹಲ್ಲಿಗೆ ಬಡಿದು ಟಕಟಕ ಎನ್ನುತ್ತಿತ್ತು. ಇನ್ನೊಮ್ಮೆ ನೋಡಿದರು, ಮತ್ತೊಮ್ಮೆ ನೋಡಿದರು, ಆಮೇಲೆ ಅದನ್ನು ಮಡಿಲಿಗೆ ಹಾಕಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದರು.

ಪೂವಯ್ಯ ಕೊಳವೆಯನ್ನು ಅವರ ಕೈಯಿಂದ ತೆಗೆದುಕೊಂಡ. ನೆಲಕ್ಕೆ ಮಂಡಿಯೂರಿ, ಎದೆಯಲ್ಲಿ ಉಳಿದಿದ್ದ ಅಷ್ಟಿಷ್ಟು ಉಸಿರಿನಿಂದ, ಬೆಂಕಿ ಹತ್ತುವವರೆಗೆ ಊದಿದ.